ಅಟ್ಟದ ಮೇಲಿನ ತಾಮ್ರದ ಕಿಟ್ಲಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಮನೆಗಳಲ್ಲಿ ತಾಮ್ರ ಅಂದ್ರೆ ಮೊದಲು ನೆನಪಾಗುವುದು ಬಚ್ಚಲಮನೆಯ ಹಂಡೆ. ಆಮೇಲೆ ಕೊಡ, ತಂಬಿಗೆ. ಚಹಾದ ಕಿಟ್ಲಿ ಕೊನೆಗೆ ಬಂದ ನೆಂಟ. ‘ಆಸ್ರಿಗೆ ಎಂತ ಬೇಕು?’ ಅಂತ ಕೇಳಿದರೆ ಹಿಂದೆಲ್ಲ ಉತ್ತರ ಕಷಾಯವೋ ಮಜ್ಜಿಗೆಯೋ ಆಗಿರುತ್ತಿತ್ತು. ಚಹಾ ರೂಢಿಯಾದ ಮೇಲೆ, ಅಡಿಕೆ ಕೊಯ್ಲಿನ ದಿನ ತೋಟಕ್ಕೆ ಅಷ್ಟೂ ಜನರ ಚಾ ಒಯ್ಯಲು ಕಿಟ್ಲಿಯೇ ಬೇಕಾಯಿತು.

ಮೊನ್ನೆ ಸಿದ್ದಾಪುರದಿಂದ ಅತ್ತೆಯ ಫೋನು. “ತಮಾ, ಗುಜರಿಯವ ಬೈಂದ. ಆ ಕಿಟ್ಲಿ ಕೊಟ್ಬಿಡ್ಲಾ? ಕಲಾಯಿಯವ ಬರದೇ ನಿಂತೋತು, ಇಟ್ಕಂಡು ಎಂತ ಮಾಡದು?” ನನ್ನ ಮೊಬೈಲಿನಲ್ಲಾದರೆ ಹೊಸ ತಾಮ್ರದ ಕೆಟಲ್‌ಗಳ ಜಾಹೀರಾತು! ಕೊಡಬೇಡಿ ಅಂದೆ. ಆದರೆ ಅತ್ತೆಯ ಮಾತಿನಲ್ಲೇ ವಿಷಯವೆಲ್ಲ ಇತ್ತು. ಕೆಟ್ಟಿದ್ದು ಕಿಟ್ಲಿಯಲ್ಲ, ಸವೆದಿದ್ದು ಒಳಗಿನ ಕಲಾಯಿ.

ಇಂಗ್ಲೆಂಡಿನ ಹಳೇ ಕೆಟಲ್ ಇರಲಿ, ಕಾಶ್ಮೀರದ ಸಮೋವಾರ್ ಇರಲಿ, ಒಳಗೆ ಅದೇ ತವರದ ಬಿಳಿ ಪದರ. ನಮ್ಮಲ್ಲಿ ಕಲಾಯಿಯವರು ಅಂಗಳದಲ್ಲೇ ಕುಳಿ ತೋಡಿ, ತಿದಿ ಊದಿ ಇದ್ದಿಲ ಬೆಂಕಿ ಮಾಡುತ್ತಿದ್ದರು. ಪಾತ್ರೆ ಕಾದ ಮೇಲೆ ನವಸಾಗರದ ಪುಡಿ ಎರಚಿದರೆ ಬುಸ್ಸೆಂದು ಬಿಳಿ ಹೊಗೆ. ತವರದ ಕಡ್ಡಿ ಮುಟ್ಟಿಸಿ ಹತ್ತಿಯಲ್ಲಿ ಒರೆಸಿದರೆ ಒಳಗೆಲ್ಲ ಬೆಳ್ಳಿಯ ಹಾಗೆ. ಮಕ್ಕಳಿಗೆ ಅದಕ್ಕಿಂತ ದೊಡ್ಡ ಸರ್ಕಸ್ ಇರಲಿಲ್ಲ.

ತವರ ಕರಗುವುದು 232 ಡಿಗ್ರಿಗೆ, ನೀರು ಕುದಿಯುವುದು 100ಕ್ಕೆ. ಹಾಗಾಗಿ ನೀರಿರುವ ತನಕ ಕಲಾಯಿ ಕರಗುವುದಿಲ್ಲ. ಖಾಲಿ ಕಿಟ್ಲಿ ಒಲೆ ಮೇಲೆ ಮರೆತರೆ ಹೋಯ್ತು. ತಾಮ್ರ ಸ್ಟೀಲಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಹರಡುತ್ತದೆ ಅನ್ನುವುದು ನಿಜ. ಹಾಗಂತ ಗ್ಯಾಸು ಅಷ್ಟೇ ಪಟ್ಟು ಉಳಿಯುವುದಿಲ್ಲ ಬಿಡಿ.

ಹೊರಗೆ ಹುಣಸೆಹಣ್ಣೋ ಮುರುಗಲ ಸಿಪ್ಪೆಯೋ ಹಾಕಿ ತಿಕ್ಕಿದರೆ ಫಳಫಳ ಅನ್ನುತ್ತದಲ್ಲ, ಹುಳಿ ಕಿಲುಬನ್ನು ಕರಗಿಸುವುದರಿಂದ ಹಾಗೆ. ಅದೇ ಹುಳಿ ಕಲಾಯಿ ಇಲ್ಲದ ಒಳಮೈಗೆ ತಾಗಿದರೆ ತಾಮ್ರ ನಿಮ್ಮ ಹೊಟ್ಟೆಗೆ ಹೋಗುತ್ತದೆ. ಹೊಟ್ಟೆ ತೊಳಸುವುದು, ವಾಂತಿ ಎಲ್ಲ ಅದರಿಂದಲೇ ಆಗಬಹುದು. ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ತಾಮ್ರ ಮೀರಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಲೆಮನ್ ಟೀ ಪ್ರಿಯರು, ತಾಮ್ರದ ಬಾಟಲಿಗೆ ಲಿಂಬು ಹಿಂಡುವವರು ಇದನ್ನು ಎರಡು ಸಲ ಓದಿ.

ಇನ್ನೊಂದು, ಸಾಮಾನ್ಯ ಇಂಡಕ್ಷನ್ ಒಲೆಯಲ್ಲಿ ಬರೀ ತಾಮ್ರ ಕಾಯುವುದಿಲ್ಲ. ಬೆಂಗಳೂರಿಗೆ ಕಿಟ್ಲಿ ಹೊತ್ತು ತರುವ ಮೊದಲು ಒಲೆ ಯಾವುದು ನೋಡಿಕೊಳ್ಳಿ. ಅತ್ತೆಯ ಕಿಟ್ಲಿ ಸದ್ಯ ಅಟ್ಟ ಇಳಿದಿದೆ. ನಮ್ಮ ಮೂರು ತಾಲ್ಲೂಕಿನಲ್ಲಿ ಈಗಲೂ ಕಲಾಯಿ ಹಾಕುವವರು ಗೊತ್ತಿದ್ದರೆ ತಿಳಿಸಿ. ಹಂಡೆ, ತಪ್ಪಲೆ ಎಲ್ಲ ಸೇರಿಸಿ ಒಂದು ದಿನದ ಕೆಲಸವಂತೂ ಇದೆ.