ಪರೀಕ್ಷೆಯಿಲ್ಲದ ಗೋದಯೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಪ್ರಾಣಿಗಳಿಂದ ಮನುಷ್ಯನಿಗೆ ಬರುವ ರೋಗವೆಂದೊಡನೆ ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ನೆರೆಯ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲ್ಪಟ್ಟ ಆ ವೈರಾಣು ರೋಗಕ್ಕೆ 2024ರಲ್ಲಿಯೂ ಸಿದ್ದಾಪುರ ತಾಲೂಕಿನಲ್ಲಿ ಜೀವಹಾನಿಯಾಯಿತು. ಕಾಡಿನ ಮಂಗನಿಗೆ ಅಂಜುವ ನಾವು ಕೊಟ್ಟಿಗೆಯೊಳಗಿನ ಬ್ಯಾಕ್ಟೀರಿಯಾಗಳ ವಿಷಯದಲ್ಲಿ ಮಾತ್ರ ನಿಶ್ಚಿಂತರಾಗಿದ್ದೇವೆ.

ಇಲಿ ಹಾಗೂ ದನಗಳ ಮೂತ್ರದಿಂದ ಕೆಸರು ನೀರಿಗೆ ಸೇರುವ ರೋಗಾಣು, ಬರಿಗಾಲಿನ ಗಾಯದ ಮೂಲಕ ದೇಹವನ್ನು ಹೊಕ್ಕು ಇಲಿಜ್ವರವನ್ನು ತರುತ್ತದೆ. ಅದಕ್ಕಿಂತಲೂ ಗುಪ್ತವಾದುದು ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ಕಂದು ರೋಗ. ಇದು ತಗುಲಿದ ಹಸು ಸಾಮಾನ್ಯವಾಗಿ ಗರ್ಭದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕುತ್ತದೆ. ಅನಂತರ ನೋಡುವವರಿಗೆ ಆರೋಗ್ಯವಾಗಿಯೇ ಕಾಣುತ್ತದೆ. ಕಂದಿದ ಕರು, ಮಾಸ, ಸ್ರಾವ, ಹಸಿ ಹಾಲು ಇವುಗಳಿಂದ ಅದು ಮನುಷ್ಯನಿಗೆ ಹರಡುತ್ತದೆ. ಬಿಟ್ಟುಬಿಟ್ಟು ಬರುವ ಜ್ವರ, ಬೆವರು, ಕೀಲುನೋವು, ಬೆನ್ನುನೋವು ತಿಂಗಳುಗಟ್ಟಲೆ ಕಾಡುತ್ತವೆ.

ಈಗ ನಮ್ಮ ವಿಶ್ವಸ್ಥ ಮಂಡಳಿಗಳನ್ನು ಕೇಳಬೇಕಾಗಿದೆ. ಕಟುಕರಿಂದ ಬಿಡಿಸಿ ತಂದ ಹಸುವನ್ನು ಹಾರ ಹಾಕಿ ಗೋಶಾಲೆಯ ಹಿಂಡಿಗೆ ಸೇರಿಸುವಾಗ ಅದರ ರಕ್ತಪರೀಕ್ಷೆ ಮಾಡಿಸಿದವರೆಷ್ಟು ಮಂದಿ? ಮೇವಿಗೆ, ಕಟ್ಟಡಕ್ಕೆ, ದಾನಿಗಳ ನಾಮಫಲಕಕ್ಕೆ ಲೆಕ್ಕದ ಪುಸ್ತಕದಲ್ಲಿ ಶೀರ್ಷಿಕೆಯುಂಟು. ಪರೀಕ್ಷೆಗೂ ಪ್ರತ್ಯೇಕ ಕೊಟ್ಟಿಗೆಗೂ ಇಲ್ಲವೆಂದರೆ ಅದು ಎಂತಹ ದಯೆ? ಒಂದಕ್ಕೆ ಅಭಯವಿತ್ತು ಉಳಿದ ಹಸುಗಳನ್ನೂ, ಬರಿಗೈಯಲ್ಲಿ ಮಾಸ ಎತ್ತುವ ಬಡ ಆಳನ್ನೂ ಅಪಾಯಕ್ಕೆ ಒಡ್ಡಿದಂತಾಗುವುದಿಲ್ಲವೇ? ಅನೇಕ ದೇಶಗಳಲ್ಲಿ ಸೋಂಕಿತ ಹಸುಗಳನ್ನು ಕೊಲ್ಲುತ್ತಾರೆ. ಅದನ್ನು ಒಪ್ಪದ ನಮಗೆ ಅವುಗಳನ್ನು ಪ್ರತ್ಯೇಕವಾಗಿರಿಸಿ ಸಾಕುವ ಹೊಣೆ ಇಮ್ಮಡಿಯಾಗಿದೆ.

ಲಸಿಕೆ, ಔಷಧಗಳಿಂದ ಸೂಕ್ಷ್ಮಜೀವಿಗಳ ಹಿಂಸೆಯಾಗುವುದಿಲ್ಲವೇ ಎಂದು ಕೆಲವರ ಆಕ್ಷೇಪ. ಉಮಾಸ್ವಾತಿ ಆಚಾರ್ಯರು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ತೋರಿಸಿದ್ದಾರೆ. ತಿಳಿದೂ ಎಚ್ಚರ ತಪ್ಪುವುದೇ ಪ್ರಮಾದ. ರೋಗ ಹಬ್ಬಿದ ಮೇಲೆ ಪಂಚೇಂದ್ರಿಯ ಜೀವಿಗಳು ನರಳುವುದನ್ನು ನೋಡುತ್ತ ಕರ್ಮಫಲವೆನ್ನುವುದು ಅಹಿಂಸೆಯಲ್ಲ, ಆಲಸ್ಯ. ಸೋಂಕನ್ನು ಮೊದಲೇ ತಡೆದರೆ ಹಿಂಸೆಯೂ ಅಲ್ಪ, ಔಷಧವೂ ಅಲ್ಪ.

ಹಸಿ ಹಾಲೇ ಅಮೃತವೆಂಬ ಹೊಸ ವ್ಯಾಮೋಹವೂ ನಮ್ಮ ಮನೆಗಳಿಗೆ ನುಗ್ಗಿದೆ. ಕರೆದ ಹಾಲನ್ನು ಸೋಸಿ ಒಂದು ಮುಹೂರ್ತ, ಅಂದರೆ 48 ನಿಮಿಷದೊಳಗೆ ಕಾಯಿಸಬೇಕೆಂಬ ಶ್ರಾವಕಾಚಾರವನ್ನು ಹಿರಿಯರು ಪಾಲಿಸುತ್ತಿದ್ದರು. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಈ ರೋಗಾಣುವನ್ನು ಕಂಡುಹಿಡಿದರು. 1905ರಲ್ಲಿ ಮೇಕೆಯ ಹಾಲೇ ಅದರ ಮೂಲವೆಂದು ತಿಳಿಯಿತು. ಮರುವರ್ಷ ಸೈನಿಕರಿಗೆ ಆ ಹಾಲನ್ನು ನಿಲ್ಲಿಸಿದೊಡನೆ ಅವರಲ್ಲಿ ಜ್ವರವೂ ಇಳಿಯಿತು. ಶಾಸ್ತ್ರದ ಆಚಾರವನ್ನು ಹಳೆಯದೆಂದು ಬಿಟ್ಟವರು ಈ ವಿಜ್ಞಾನದ ಮಾತನ್ನಾದರೂ ಕೇಳಲಿ.

ಮಾಡಬೇಕಾದುದು ಅಸಾಧ್ಯವೇನಲ್ಲ. ಕೇಂದ್ರ ಸರಕಾರವು 2019ರಲ್ಲಿ ಆರಂಭಿಸಿದ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಕಂದು ರೋಗದ ಲಸಿಕೆ ಉಚಿತ. ಜೀವಮಾನದಲ್ಲಿ ಒಮ್ಮೆ ಸಾಕು. ಹೊಸದಾಗಿ ಬಂದ ಹಸುವನ್ನು ಪರೀಕ್ಷೆಯ ಫಲ ತಿಳಿಯುವವರೆಗೆ ಬೇರೆ ಕಟ್ಟಬೇಕು. ಕೆಲಸದವರಿಗೆ ಕೈಗವಸು, ಬೂಟುಗಳನ್ನು ಕೊಡಬೇಕು. ಕಂದಿದ ಕರುವನ್ನೂ ಮಾಸವನ್ನೂ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಇವಿಷ್ಟಕ್ಕೆ ಮುಂದಿನ ಆಯವ್ಯಯದಲ್ಲಿ ಹಣವಿರಿಸದ ಗೋಶಾಲೆಗೆ ದಾನ ಕೊಡುವ ಮುನ್ನ ಶ್ರಾವಕರು ಕಾರಣವನ್ನು ಕೇಳಲಿ. ಕೇಳುವುದು ಅವರ ಹಕ್ಕು ಮಾತ್ರವಲ್ಲ, ಧರ್ಮವೂ ಹೌದು.