ಪ್ಲ್ಯಾನ್ ನಮ್ಮದು, ಚಿತ್ತ ಆತನದು

ಕನ್ನಡ ಕ್ರೈಸ್ತರ ಮನೆಗಳಲ್ಲಿ ಒಂದು ಮಾತು ನಾಲಿಗೆಗೆ ರೂಢಿಯಾಗಿಬಿಟ್ಟಿದೆ: ‘ಕರ್ತನ ಚಿತ್ತವಿದ್ದರೆ.’ ಮುಂದಿನ ತಿಂಗಳು ಬರ್ತೀನಿ ಅಂತ ಅಜ್ಜಿ ಫೋನಿನಲ್ಲಿ ಹೇಳುವಾಗ, ಭಾನುವಾರದ ಆರಾಧನೆ ಮುಗಿದು ಪ್ರಕಟಣೆ ಓದುವಾಗ, ಮದುವೆ ಮಾತುಕತೆ ನಡೆಯುವಾಗ ಅದು ಬಂದೇ ಬರುತ್ತೆ. ನಮ್ಮ ತಲೆಮಾರಿಗೂ ಇದನ್ನು ಹೇಳೋದು ಸುಲಭ, ಬದುಕೋದು ಕಷ್ಟ. ಯಾಕಂದ್ರೆ ಪ್ಲ್ಯಾನ್ ಮಾಡೋದಕ್ಕೇ ನಮಗೆ ಸಂಬಳ. 2 ವಾರದ ಸ್ಪ್ರಿಂಟ್, 3 ತಿಂಗಳ ಗುರಿ, 20 ವರ್ಷದ ಹೋಮ್ ಲೋನ್. ಬಿಟಿಎಂ, ಜೆ.ಪಿ. ನಗರದ ಬಾಡಿಗೆ ಮನೆಗಳಲ್ಲಿ ವಾರದ ಮಧ್ಯೆ ಸೇರೋ ಪ್ರಾರ್ಥನಾ ಕೂಟಗಳಲ್ಲೂ ಪ್ರಾರ್ಥನೆಯ ವಿಷಯಗಳು ಇವೇ: ವೀಸಾ, ಅಪ್ರೈಸಲ್, ನೋಟಿಸ್ ಪೀರಿಯಡ್, ಕೂಡಿಬರಬೇಕಾದ ಸಂಬಂಧ. ಪ್ಲ್ಯಾನ್ ಆಗಲೇ ರೆಡಿ ಇರುತ್ತೆ. ದೇವರ ಸಹಿ ಒಂದು ಬಾಕಿ ಅಷ್ಟೇ.

ಹಾಗಾದರೆ ಪ್ಲ್ಯಾನ್ ಮಾಡೋದೇ ಅವಿಶ್ವಾಸವಾ? ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರಿಕೆಯ 4ನೇ ಅಧ್ಯಾಯ ತೆಗೆದು ನೋಡಿ. ಅಲ್ಲಿ ಕೆಲವರು ಇಂಥ ಊರಿಗೆ ಹೋಗಿ, ಒಂದು ವರ್ಷ ಇದ್ದು, ವ್ಯಾಪಾರ ಮಾಡಿ ಲಾಭ ಗಳಿಸೋ ಲೆಕ್ಕ ಹಾಕ್ತಿದ್ದಾರೆ. ನಮ್ಮ ಆನ್‌ಸೈಟ್ ಪ್ಲ್ಯಾನ್ ಥರಾನೇ. ಯಾಕೋಬ ಅವರಿಗೆ ಹೋಗಬೇಡಿ ಅನ್ನಲ್ಲ, ಲಾಭ ಪಾಪ ಅಂತಲೂ ಅನ್ನಲ್ಲ. ನಾಳೆ ಏನಾಗುತ್ತೋ ನಿಮಗೆ ಗೊತ್ತಿಲ್ಲ, ಆದ್ದರಿಂದ ಕರ್ತನ ಚಿತ್ತವನ್ನೂ ಸೇರಿಸಿಕೊಂಡು ಮಾತಾಡಿ ಅಂತಾನೆ. ಅಜ್ಜಿಯ ಮಾತು ಹುಟ್ಟಿದ್ದು ಅಲ್ಲಿ. ನಾಳೆ ನಮ್ಮ ಕೈಯಲ್ಲಿಲ್ಲ ಅನ್ನೋದಕ್ಕೆ ನಮ್ಮ ಕಡೆಯವರಿಗೆ ಬೇರೆ ಪುರಾವೆ ಬೇಕಿಲ್ಲ. ಹಳದಿ ಮೆಟ್ರೋ ಇನ್ನೇನು ಬಂತು ಅಂತ ಬಿಟಿಎಂನಲ್ಲಿ ಮನೆ ಹಿಡಿದವರು 2025ರ ಆಗಸ್ಟ್‌ವರೆಗೂ ಸಿಲ್ಕ್ ಬೋರ್ಡ್ ಜಾಮ್‌ನಲ್ಲೇ ಕಾದರು.

ಯೋಜನೆ ಒಂದು, ಆಗಿದ್ದು ಇನ್ನೊಂದು ಅನ್ನೋದಕ್ಕೆ ಕನ್ನಡಿಗರೆಲ್ಲ ಬಲ್ಲ ಒಬ್ಬರ ಬದುಕು ನನಗೆ ಆಗಾಗ ನೆನಪಾಗುತ್ತೆ. ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಾಸೆಲ್ ಮಿಷನ್ ಕಳಿಸಿದ ಪಾದ್ರಿಯಾಗಿ ಇಲ್ಲಿಗೆ ಬಂದಾಗ ಅವರಿಗೆ 21 ವರ್ಷ. ಬಂದದ್ದು ಸುವಾರ್ತೆ ಸಾರೋದಕ್ಕೆ. ಮಂಗಳೂರು, ಧಾರವಾಡ, ಮಡಿಕೇರಿ ಅಂತ ಊರಿಂದ ಊರಿಗೆ ಬದಲಾದರು. ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳೋ ‘ಕಥಾಮಾಲೆ’ಯನ್ನು 1862ರಲ್ಲಿ ತಂದರು. ಮೊದಲ ಹೆಂಡತಿಯನ್ನು ಕಳೆದುಕೊಂಡರು. ಇಲ್ಲಿನ ಭಾಷೆ, ಜನಜೀವನದ ಬಗ್ಗೆ ಅವರಿಗಿದ್ದ ಒಲವು ಮಿಷನ್‌ನ ಎಲ್ಲರಿಗೂ ಹಿಡಿಸಲಿಲ್ಲ. ಕೊನೆಗೆ ಅವರ ಆಯುಷ್ಯದ ದೊಡ್ಡ ಪಾಲು ತಗೊಂಡಿದ್ದು ಒಂದು ನಿಘಂಟು. ಸುಮಾರು 70,000 ಪದಗಳ ಆ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಆ ಹೊತ್ತಿಗೆ ಅವರು ಜರ್ಮನಿಗೆ ವಾಪಸಾಗಿದ್ದರು.

ಎಂ.ಜಿ. ರಸ್ತೆಯ ಮೇಯೋ ಹಾಲ್ ಹತ್ತಿರ ಅವರ ಪ್ರತಿಮೆ ನೋಡುವವರು ಯಾರೂ ಅವರ ಪ್ರಸಂಗಗಳನ್ನು ನೆನೆಯಲ್ಲ. ನೆನೆಯೋದು ನಿಘಂಟನ್ನು. ನನಗೆ ಮುಖ್ಯ ಅನ್ಸೋದು ಪ್ರತಿಮೆಗಿಂತ ಆ ನಡುವಿನ ವರ್ಷಗಳು. ಇಂದು ಈ ಪದ, ನಾಳೆ ಮುಂದಿನ ಪದ. ಮುಗಿಯುತ್ತೋ ಇಲ್ವೋ ಅನ್ನೋ ಖಾತ್ರಿ ಯಾರೂ ಕೊಟ್ಟಿರಲಿಲ್ಲ. ಒಪ್ಪಿಸಿಕೊಡೋದು ಅಂದರೆ ಹೀಗಿರುತ್ತೆ ಅನ್ಸುತ್ತೆ: ಕೈಯಲ್ಲಿರೋ ಕೆಲಸ ಬಿಡದೆ ಮಾಡೋದು, ಅದರಿಂದ ಏನಾಗಬೇಕು ಅನ್ನೋ ಹಠ ಬಿಡೋದು.

ನನಗೆ ಈ ಪಾಠ ಬಂದದ್ದು ಮನೆಯಿಂದ. ಎರಡು ವರ್ಷದ ಹಿಂದೆ ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿತ್ತು, ವೀಸಾನೂ ಬಂದಿತ್ತು. ಅದೇ ತಿಂಗಳು ಅಪ್ಪನ ಕಿಡ್ನಿಗಳು ಕೈಕೊಟ್ಟವು. ವಾರಕ್ಕೆ 3 ಸಲ ಡಯಾಲಿಸಿಸ್, ಪ್ರತಿ ಸಲ 4 ಗಂಟೆ. ನಾನು ಒಬ್ಬನೇ ಮಗ. ಬನಶಂಕರಿಯಲ್ಲೇ ಉಳಿದೆ. ‘ದೇವರು ಇದಕ್ಕಿಂತ ಒಳ್ಳೇದು ಇಟ್ಟಿರ್ತಾನೆ ಬಿಡಪ್ಪ’ ಅಂತ ಸಭೆಯ ಹಿರಿಯರು ಸಮಾಧಾನ ಹೇಳಿದರು. ಅಂಥ ದೊಡ್ಡ ಆಫರ್ ಇಲ್ಲಿವರೆಗೆ ಏನೂ ಬಂದಿಲ್ಲ. ಮ್ಯೂನಿಕ್ ಟೀಮಿನವರ ಫೋಟೋ ಲಿಂಕ್ಡ್‌ಇನ್‌ನಲ್ಲಿ ಕಂಡರೆ ಈಗಲೂ ಒಂದು ಕ್ಷಣ ಸಂಕಟ ಆಗುತ್ತೆ. ಹಾಗಾಗಿ ಗೊತ್ತಾಗಿದ್ದು ಇಷ್ಟು: ಒಂದು ಭಾನುವಾರ ಕಣ್ಣೀರಿಟ್ಟು ಒಪ್ಪಿಸಿಕೊಟ್ಟರೆ ಮುಗಿಯಲ್ಲ. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ 6ಕ್ಕೆ ಅಪ್ಪನನ್ನು ಕಾರಿಗೆ ಹತ್ತಿಸುವಾಗ ಮತ್ತೆ ಮತ್ತೆ ಒಪ್ಪಿಸಿಕೊಡಬೇಕು. ಕೆಲವು ದಿನ ಮನಸ್ಸು ಹಗುರ ಇರುತ್ತೆ, ಕೆಲವು ದಿನ ಇರಲ್ಲ. ಆದರೆ ಆ ದಾರಿಯಲ್ಲಿ ಅಪ್ಪ ಮಾತಾಡಿದಷ್ಟು ಹಿಂದಿನ 28 ವರ್ಷದಲ್ಲಿ ನನ್ನ ಜೊತೆ ಮಾತಾಡಿರಲಿಲ್ಲ. ಮ್ಯೂನಿಕ್‌ಗೆ ಇದು ಪರಿಹಾರ ಅಂತ ಹೇಳ್ತಿಲ್ಲ. ಅದು ಬೇರೆ, ಇದು ಬೇರೆ.

ಅಪ್ಪನ ಕಾಯಿಲೆಯನ್ನು ದೇವರೇ ಕಳಿಸಿದ ಅಂತಲೂ ನಾನು ಹೇಳಲ್ಲ. ಇಲ್ಲೇ ಹಣೆಬರಹಕ್ಕೂ ದೇವರ ಚಿತ್ತಕ್ಕೂ ವ್ಯತ್ಯಾಸ. ಹಣೆಬರಹದ ಹತ್ತಿರ ಏನೂ ಕೇಳೋ ಹಾಗಿಲ್ಲ. ತಂದೆಯ ಹತ್ತಿರ ಕೇಳಬಹುದು, ಜಗಳವೂ ಆಡಬಹುದು. ಗೆತ್ಸೆಮನೆ ತೋಟದಲ್ಲಿ ಯೇಸು ಮೊದಲು ಬೇಡಿಕೊಂಡದ್ದು ಆ ಕಷ್ಟದ ಪಾತ್ರೆ ತನ್ನಿಂದ ದೂರವಾಗಲಿ ಅಂತಲೇ. ಅದೇ ಪ್ರಾರ್ಥನೆಯನ್ನು ಮೂರು ಸಲ ಮಾಡಿದನು ಅಂತ ಮತ್ತಾಯ ಬರೆಯುತ್ತಾನೆ. ತನ್ನ ಆಸೆಯನ್ನು ಬಾಯಿಬಿಟ್ಟು ಹೇಳಿ, ಆಮೇಲೆ ತಂದೆಯ ಚಿತ್ತಕ್ಕೆ ಬಿಟ್ಟುಕೊಟ್ಟನು. ನಮಗೆ ಏನು ಬೇಕು ಅನ್ನೋದನ್ನು ನುಂಗಿಕೊಂಡು, ‘ನಿನ್ನ ಚಿತ್ತದಂತೆ ಆಗಲಿ’ ಅಂತ ಭಕ್ತಿಯ ಧ್ವನಿಯಲ್ಲಿ ಹೇಳೋದಕ್ಕಿಂತ ಅದು ಪ್ರಾಮಾಣಿಕ.

ಇನ್ನೊಂದು ಎಚ್ಚರಿಕೆ. ನಮ್ಮ ಸಭೆಗಳಲ್ಲಿ ಈ ಮಾತನ್ನು ಇನ್ನೊಬ್ಬರ ತಲೆ ಮೇಲೆ ಹೇರೋರೂ ಇದ್ದಾರೆ. ಗಂಡ ಹೊಡೀತಾನೆ ಅಂತ ಬಂದವಳಿಗೆ ದೇವರ ಚಿತ್ತ, ತಾಳ್ಕೋ ಅನ್ನೋರು. ಕೆಲಸ ಕಳೆದುಕೊಂಡವನಿಗೆ ಪ್ರಾರ್ಥನೆ ಸಾಲಲಿಲ್ಲ ಅನ್ನೋರು. ಒಪ್ಪಿಸಿಕೊಡೋದು ಅವರವರು ತಾವಾಗಿ ಮಾಡಬೇಕಾದ್ದು. ಇನ್ನೊಬ್ಬರ ಪರವಾಗಿ ನಾವು ಮಾಡೋ ಹಾಗಿಲ್ಲ. ಹೊಡೆತ ತಿನ್ನೋಳಿಗೆ ಮೊದಲು ಬೇಕಿರೋದು ಸುರಕ್ಷಿತ ಜಾಗ, ಕೆಲಸ ಹೋದವನಿಗೆ ಬೇಕಿರೋದು ಒಂದು ರೆಫರಲ್ ಮತ್ತು ಆ ತಿಂಗಳ ಬಾಡಿಗೆ.

ಹಾಗಾಗಿ ಪ್ಲ್ಯಾನ್ ಮಾಡಿ, ಚೆನ್ನಾಗೇ ಮಾಡಿ. ಎಕ್ಸೆಲ್ ಶೀಟ್ ಅಳಿಸಬೇಕಾಗಿಲ್ಲ. ಈ ವಾರ ಒಂದು ಸಲ ಆ ಪಟ್ಟಿ ತೆಗೆದು, ಒಂದೊಂದು ಸಾಲಿನ ಕೊನೆಗೂ ‘ಕರ್ತನ ಚಿತ್ತವಿದ್ದರೆ’ ಅಂತ ಸೇರಿಸಿ ಗಟ್ಟಿಯಾಗಿ ಓದಿ. ಹೆಚ್ಚಿನ ಸಾಲುಗಳು ಸರಾಗವಾಗಿ ಹೋಗುತ್ತವೆ. ಯಾವುದೋ ಒಂದು ಸಾಲಿನಲ್ಲಿ ನಾಲಿಗೆ ತಡೆಯುತ್ತೆ. ಪ್ರಾರ್ಥನೆಯನ್ನು ಆ ಸಾಲಿನಿಂದ ಶುರು ಮಾಡಿ.