ಇನ್ಸುಲಿನ್ನಿನ ಜೊತೆಗಾರ

ಇನ್ಸುಲಿನ್ ಹೆಸರು ಕೇಳದವರು ವಿರಳ. ಅದರ ಜೊತೆಯಲ್ಲೇ ಹುಟ್ಟಿ, ಜೊತೆಯಲ್ಲೇ ರಕ್ತಕ್ಕೆ ಸೇರುವ ‘ಸಿ-ಪೆಪ್ಟೈಡ್’ ಹೆಸರು ಕೇಳಿದವರು ಕಡಿಮೆ.

ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಮೊದಲು ತಯಾರಿಸುವುದು ‘ಪ್ರೊಇನ್ಸುಲಿನ್’ ಎಂಬ ಉದ್ದನೆಯ ಸರಪಳಿಯನ್ನು. ಷಿಕಾಗೊ ವಿಶ್ವವಿದ್ಯಾಲಯದ ಡೊನಾಲ್ಡ್ ಸ್ಟೈನರ್ ಇದನ್ನು 1967ರಲ್ಲಿ ತೋರಿಸಿಕೊಟ್ಟರು. ಇನ್ಸುಲಿನ್ನಿನ ಎರಡು ಎಳೆಗಳು ಸರಿಯಾಗಿ ಕೂಡಿಕೊಳ್ಳಲು ನೆರವಾಗುವ ನಡುವಿನ ಕೊಂಡಿಯೇ ಸಿ-ಪೆಪ್ಟೈಡ್. ಮಾನವನಲ್ಲಿ ಇದು 31 ಅಮೈನೊ ಆಮ್ಲಗಳ ಸಾಲು. ಎಳೆಗಳು ಕೂಡಿದ ಮೇಲೆ ಕೊಂಡಿ ಕತ್ತರಿಸಿಹೋಗುತ್ತದೆ. ಕಟ್ಟಡ ಮುಗಿದ ಮೇಲೆ ಬಿಚ್ಚಿದ ಸಾರುವೆಯಂತೆ ಇದಕ್ಕೆ ಬೇರೆ ಕೆಲಸವಿಲ್ಲವೆಂದೇ ಬಹುಕಾಲ ಭಾವಿಸಲಾಗಿತ್ತು.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಒಂದನೇ ಬಗೆಯ ಮಧುಮೇಹದಲ್ಲಿ ಬೀಟಾ ಕೋಶಗಳು ನಾಶವಾಗುತ್ತವೆ. ಆಗ ಇನ್ಸುಲಿನ್, ಸಿ-ಪೆಪ್ಟೈಡ್ ಎರಡೂ ಇಲ್ಲವಾಗುತ್ತವೆ. ಚುಚ್ಚುಮದ್ದು ಮರಳಿಸುವುದು ಇನ್ಸುಲಿನ್ನನ್ನು ಮಾತ್ರ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿಯೇ ಉಳಿದರೆ ಕಣ್ಣು, ಮೂತ್ರಪಿಂಡ ಮತ್ತು ನರಗಳನ್ನು ಪೋಷಿಸುವ ಸೂಕ್ಷ್ಮ ರಕ್ತನಾಳಗಳು ಕೆಡುತ್ತವೆ. ಈ ಹಾನಿಯಲ್ಲಿ ಸಿ-ಪೆಪ್ಟೈಡ್ ಕೊರತೆಯ ಪಾಲೂ ಇದೆಯೇ?

ಸ್ಟಾಕ್‌ಹೋಮ್‌ನ ಕರೋಲಿನ್‌ಸ್ಕಾ ಸಂಸ್ಥೆಯ ಜಾನ್ ವಾರೆನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇಂಥ ರೋಗಿಗಳಿಗೆ ಸಿ-ಪೆಪ್ಟೈಡ್ ಕೊಟ್ಟು ನೋಡಿದರು. ವ್ಯಾಯಾಮದ ವೇಳೆ ಮುಂದೋಳಿನ ಸ್ನಾಯುಗಳಿಗೆ ರಕ್ತದ ಹರಿವು ಹೆಚ್ಚಿತು. ಇದಕ್ಕೆ ಎರಡು ಕಾರಣಗಳು ಗೋಚರಿಸಿವೆ. ಒಂದು, ರಕ್ತನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಉತ್ಪತ್ತಿ ಹೆಚ್ಚಿ ನಾಳ ಹಿಗ್ಗುತ್ತದೆ. ಇನ್ನೊಂದು, ಕೆಂಪು ರಕ್ತಕಣಗಳ ಸೋಡಿಯಂ-ಪೊಟ್ಯಾಸಿಯಂ ಪಂಪ್ ಚುರುಕಾಗಿ ಕಣಗಳು ಮೆತ್ತಗಾಗುತ್ತವೆ. ಲೋಮನಾಳಗಳು ಹೆಚ್ಚುಕಡಿಮೆ ಕೆಂಪು ಕಣದಷ್ಟೇ ಕಿರಿದು. ಕಣ ಬಾಗಿ ಬಳುಕಿದರೆ ಮಾತ್ರ ಅಲ್ಲಿ ಸುಲಭವಾಗಿ ನುಸುಳಬಲ್ಲದು.

ಹಾಗಾದರೆ ಇನ್ಸುಲಿನ್ ಜೊತೆ ಇದನ್ನೂ ಕೊಡಬಾರದೇಕೆ? ನರದೌರ್ಬಲ್ಯವಿದ್ದ 250 ರೋಗಿಗಳ ಮೇಲೆ ಒಂದು ವರ್ಷ ಈ ಪರೀಕ್ಷೆ ನಡೆಯಿತು. ನರಗಳ ವಹನ ವೇಗದಲ್ಲಿ, ಔಷಧವಿಲ್ಲದ ಹುಸಿಮದ್ದು ಪಡೆದವರಿಗಿಂತ ಹೆಚ್ಚಿನ ಸುಧಾರಣೆ ಕಾಣಲಿಲ್ಲವೆಂದು 2016ರಲ್ಲಿ ಪ್ರಕಟವಾಯಿತು. ಹೀಗಾಗಿ ಸಿ-ಪೆಪ್ಟೈಡ್ ಇನ್ನೂ ಚಿಕಿತ್ಸೆಯಾಗಿಲ್ಲ. ಆದರೆ ತಪಾಸಣೆಯಲ್ಲಿ ಅದು ಉಪಯುಕ್ತ. ಚುಚ್ಚುಮದ್ದಿನ ಇನ್ಸುಲಿನ್‌ನಲ್ಲಿ ಅದು ಇರುವುದಿಲ್ಲವಾದ್ದರಿಂದ, ರಕ್ತದಲ್ಲಿ ಅದನ್ನು ಅಳೆದರೆ ದೇಹ ತಾನೇ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆಯೆಂದು ತಿಳಿಯುತ್ತದೆ.

ಸೂಕ್ಷ್ಮ ರಕ್ತನಾಳಗಳನ್ನು ಕಾಪಾಡುವ ಖಚಿತ ದಾರಿಯೊಂದು ಗೊತ್ತಿದೆ. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡ, ನರಗಳ ತೊಂದರೆ ಬಹಳಷ್ಟು ತಗ್ಗುತ್ತದೆಂದು ಅಮೆರಿಕ ಮತ್ತು ಕೆನಡಾದ 1,441 ರೋಗಿಗಳ ಅಧ್ಯಯನ 1993ರಲ್ಲೇ ತೋರಿಸಿತು. ಮಧುಮೇಹವಿರುವ ಮಗುವಿಗೆ ಹೊತ್ತಿಗೆ ಸರಿಯಾಗಿ ಇನ್ಸುಲಿನ್ ಕೊಡಿಸುವುದು, ವೈದ್ಯರು ಹೇಳಿದಾಗ ಕಣ್ಣು ಮತ್ತು ಮೂತ್ರದ ಪರೀಕ್ಷೆ ಮಾಡಿಸುವುದು, ಇವೆರಡನ್ನು ತಂದೆತಾಯಿಯರು ಮರೆಯಬಾರದು.